ಮಿಸ್

ಹಾಸ್ಟೆಲ್ ಸೇರಿದ ಮೊದಲ ವಾರ ಅಮ್ಮನಿಗೆ ಫೋನ್ ಮಾಡಿ, ‘ನಿನ್ನನ್ನ ತುಂಬಾ ಮಿಸ್ ಮಾಡ್ಕೋತಿದೀನಮ್ಮ’ ಅಂದೆ. ‘ಏನು ಮಿಸ್ಸಾಯ್ತೋ, ಬಸ್ಸಾ?’ ಅಂದಳು ಗಾಬರಿಯಿಂದ.

ಅವಳ ತಪ್ಪಲ್ಲ. ನಮ್ಮೂರಲ್ಲಿ ಮಿಸ್ಸಾಗುತ್ತಿದ್ದದ್ದು ಬಸ್ಸು, ಇಲ್ಲವೇ ಕ್ಯಾಚು. ಇಂಗ್ಲಿಷಿನಲ್ಲೂ ಈ ಕ್ರಿಯಾಪದದ ಹಳೆಯ ಅರ್ಥ ಗುರಿ ತಪ್ಪುವುದು. ದೂರವಿರುವವರಿಗಾಗಿ ಹಂಬಲಿಸುವ ಅರ್ಥ ಆಮೇಲೆ ಬಂದದ್ದು. ಟೀಚರನ್ನು ಕರೆಯುವ ‘ಮಿಸ್’ ಮಾತ್ರ ಬೇರೆಯೇ ಪದ, ‘ಮಿಸ್ಟ್ರೆಸ್’ನ ಮೊಟಕು ರೂಪ. ಅಮ್ಮನ ಕನ್ನಡದಲ್ಲಿ ಹಂಬಲಕ್ಕೆ ಅಂಥ ಕ್ರಿಯಾಪದ ಬೇಕಿರಲಿಲ್ಲ. ‘ನೀನಿಲ್ದೆ ಮನೆ ಬಿಕೋ ಅನ್ನುತ್ತೆ ಕಣೋ’ ಅನ್ನುತ್ತಿದ್ದಳು.

ಆದರೆ ‘ಮಿಸ್ ಕಾಲ್’ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷರ ಪಾಲಿಗೆ ಅದು ಕೈತಪ್ಪಿ ಹೋದ ಕರೆ. ನಾವು ಅದನ್ನು ಬೇಕೆಂದೇ ‘ಕೊಡುತ್ತೇವೆ’. ದಿನಾ ರಾತ್ರಿ ಒಂಬತ್ತಕ್ಕೆ ಒಂದು ರಿಂಗ್, ಕಟ್. ‘ಊಟ ಆಯ್ತಾ?’ ಎಂದರ್ಥ. ನಾನೂ ಒಂದು ರಿಂಗ್ ಕೊಟ್ಟರೆ ‘ಆಯ್ತು’. ಕಾಸೂ ಖರ್ಚಿಲ್ಲ.

ಪರೀಕ್ಷೆಯ ಗಡಿಬಿಡಿಯಲ್ಲಿ, ಗೆಳೆಯರ ಹರಟೆಯಲ್ಲಿ ಎಷ್ಟೋ ರಾತ್ರಿ ನಾನು ತಿರುಗಿ ಕೊಡಲಿಲ್ಲ. ಆ ರಾತ್ರಿಗಳಲ್ಲಿ ಅವಳು ತಟ್ಟೆ ಹಾಕಿಕೊಳ್ಳದೆ ಕಾಯುತ್ತಿದ್ದಳು ಎಂದು ಅಕ್ಕ ಹೇಳಿದ್ದು ಅಮ್ಮ ತೀರಿಕೊಂಡ ಮೇಲೆ. ಆ ಪದದ ಎರಡೂ ಅರ್ಥ ನನಗೆ ಒಟ್ಟಿಗೇ ತಿಳಿದದ್ದು ಆವತ್ತು.