ಹೊಸಾ ತೋಳನ ಹಾಸಿಗಿ ಹತ್ರ ಯಾರು ಕೂಡಬೇಕು?

ಹ್ಯಾರಿ ಪಾಟರ್ ಅಂದ್ರ ಹುಡುಗ್ರ ಪುಸ್ತಕ ಅಂತ ನಾವೆಲ್ಲಾ ಬದಿಗಿಡ್ತೀವಿ, ಹೌದಲ್ರಿ? ಈ ಸೂಟಿಯೊಳಗ ಮಗಳ ಜೋಡಿ ನಾನೂ ಓದಿದೆ. ಕಸಬರಗಿ ಮ್ಯಾಲೆ ಹಾರೂದೆಲ್ಲಾ ಮರ್ತುಹೋತು, ಲೂಪಿನ್ ಮಾಸ್ತರು ಮಾತ್ರ ಮನಸ್ಸಿನಾಗ ಉಳಕೊಂಡ್ರು.

ಸಣ್ಣವರಿದ್ದಾಗ ಅವರಿಗೆ ತೋಳಮನಶ್ಯಾ ಕಚ್ಚಿದ್ದ. ಅವತ್ತಿನಿಂದ ಪ್ರತಿ ಹುಣ್ಣಿವಿಗೆ ಅವರೂ ತೋಳ ಆಗ್ತಾರ. ಉಳಿದ ದಿನ ನಮ್ಮಂಗ ಇರ್ತಾರ, ಹುಡುಗ್ರಿಗೆ ಚೊಲೋ ಪಾಠ ಹೇಳ್ತಾರ. ಹುಣ್ಣಿವಿ ಮುಂಚಿನ ಒಂದು ವಾರ ಔಷಧ ಕುಡಿದ್ರ, ಮೈ ತೋಳಂದಾದ್ರೂ ಬುದ್ಧಿ ಮನಶ್ಯಾಂದ ಉಳೀತದ. ಭಾಳ ಕೆಟ್ಟ ರುಚಿ ಅದರದು, ಸಕ್ಕರಿ ಹಾಕಿದ್ರ ಗುಣಾನ ಹೋಗ್ತದ.

ಆ ಮಾಯಾಲೋಕಕ್ಕೂ ಸರ್ಕಾರ ಅದ, ಕಾಯ್ದೆ ಅವ. 1947ರಾಗ ತೋಳಮನಶ್ಯಾರ ಹೆಸರು ಬರಿಯೂ ರಜಿಸ್ಟರ್ ಸುರು ಆತಂತ. ರಜಿಸ್ಟರ್ ಕಚೇರಿ, ಹಿಡಿಯೂ ದಳ ಎರಡೂ ಪ್ರಾಣಿಗಳ ವಿಭಾಗಕ್ಕ ಸೇರ್ಯಾವ. ಸಹಾಯ ಮಾಡೂ ಕಚೇರಿ ಮಾತ್ರ ಮನಶ್ಯಾರಂಥವರ ವಿಭಾಗದಾಗ. ಹಿಡಿಯೂ ಮುಂದ ಪ್ರಾಣಿ, ಸಮಾಧಾನ ಹೇಳೂ ಮುಂದ ಮನಶ್ಯಾ! ಆಮ್ಯಾಲೆ ಅಂಬ್ರಿಜ್ ಬಾಯಿ ಬರೆದ ಕಾಯ್ದೆಯಿಂದ ಲೂಪಿನ್ ಅವರಿಗೆ ನೌಕರಿ ಸಿಗೂದೂ ಕಷ್ಟ ಆತು.

2003ರಾಗ ಬಂದ ಐದನೇ ಪುಸ್ತಕದಾಗ ದವಾಖಾನಿದೊಂದು ಪ್ರಸಂಗ ಅದ. ಹೊಸದಾಗಿ ತೋಳ ಕಚ್ಚಿದಾವ ಒಬ್ಬ ಮಲಗ್ಯಾನ. ಅದೇ ವಾರ್ಡಿನಾಗ ಹಾವು ಕಚ್ಚಿದ ಆರ್ಥರ್ ವೀಸ್ಲಿ. ‘ನನಗೂ ಒಬ್ರು ತೋಳಮನಶ್ಯಾ ಗೊತ್ತವ್ರು ಇದ್ದಾರ, ಆರಾಮಾಗಿ ಬಾಳೆ ಮಾಡ್ತಾರ’ ಅನ್ನೂ ಅರ್ಥದಾಗ ಆತ ಸಮಾಧಾನ ಹೇಳಿದ್ರ, ಸುಮ್ನಾಗಲಿಲ್ಲಂದ್ರ ಕಚ್ತೀನಿ ಅಂತಾನ ಆ ಮನಶ್ಯಾ! ಮಾತು ಸುಳ್ಳಲ್ಲ, ಮನಸ್ಸೂ ಚೊಲೋದು. ಆದ್ರ ಹೇಳಾಂವಗ ಆ ಬ್ಯಾನಿ ಇಲ್ಲಲ್ಲ!

ಕ್ರಿಸ್‌ಮಸ್ ದಿನ ಆರ್ಥರ್ ಸುತ್ತ ಮನಿ ಮಂದಿ ತುಂಬ್ಯಾರ. ಈತನ್ನ ನೋಡಲಿಕ್ಕೆ ಯಾರೂ ಬಂದಿಲ್ಲ. ಆ ಕಡೆನ ಆಸಿಗಣ್ಣಿಂದ ನೋಡ್ಕೋತ ಮಲಗ್ಯಾನ. ಆವಾಗ ಲೂಪಿನ್ ಎದ್ದು ಅವನ ಹತ್ರ ಹೋಗ್ತಾರ. ಏನು ಮಾತಾಡಿದ್ರು ಅಂತ ರೌಲಿಂಗ್ ಬರದಿಲ್ಲ.

ಎಚ್‌ಐವಿಯಂಥ ಕಳಂಕ ಹಚ್ಚೂ ರೋಗಗಳಿಗೆ ಇದು ರೂಪಕ ಅಂತ ರೌಲಿಂಗ್ ಅವರೇ ಹೇಳ್ಯಾರ. ನನಗ ಓದೂ ಮುಂದ ನೆನಪಾದದ್ದು ಫಿಟ್ಸು. ನಿಮಗೆಲ್ಲಾ ಗೊತ್ತದ, ನನಗ ಹನ್ನೆರಡನೇ ವರ್ಷದಾಗ ಸುರು ಆತು. ‘ಅಮಾಸಿ-ಹುಣ್ಣಿವಿಗೆ ಬರ್ತದ, ಕೈಯಾಗ ಕಬ್ಬಿಣ ಹಿಡಸ್ರಿ’ ಅಂತಿದ್ರು ಮಂದಿ.

ಹ್ವಾದ ತಿಂಗಳು ಒಬ್ಬಾಕಿ ತಾಯಿ ಫೋನ್ ಮಾಡಿ, ‘ಡಾಕ್ಟರು ಹೇಳಿದ್ದೆಲ್ಲಾ ಕೇಳೇವ್ರಿ, ನೀವೊಮ್ಮೆ ಬಂದು ಕೂಡ್ರಿ’ ಅಂದ್ರು. ಹೋದೆ. ಗುಳಿಗಿ ಒಂದಿನಾನೂ ತಪ್ಪಿಸಬಾರ್ದು, ನಿದ್ದಿ ಕೆಡಬಾರ್ದು ಅಂದೆ. ಬಂದಾಗ ಮಗ್ಗಲಾಗಿ ಮಲಗಸ್ರಿ, ಬಾಯಾಗ ಏನೂ ತುರುಕಬ್ಯಾಡ್ರಿ, ಐದು ನಿಮಿಷ ದಾಟಿದ್ರ ದವಾಖಾನಿಗೆ ಓಡ್ರಿ ಅಂತ ಮನಿಯವ್ರಿಗೆ ಹೇಳಿದೆ. ಹುಡುಗಿ ಎಲ್ಲಾ ಕೇಳಿಕೋತ ಕೂತಿದ್ಲು. ತಾಯಿ ಚಾ ಮಾಡಲಿಕ್ಕೆ ಎದ್ದ ಕೂಡ್ಲೆ ಸಣ್ಣ ದನಿಲೆ ಕೇಳಿದ್ಲು: ‘ಕಾಕು, ನಿಮ್ಮ ಲಗ್ನ ಹೆಂಗಾತ್ರಿ?’

‘ಹೇಳೇ ಆತವ್ವಾ. ಗುಳಿಗಿ ಚೀಟಿ ತೋರಿಸೇ ಆತು’ ಅಂದೆ. ಹಿಂದೂ ವಿವಾಹ ಕಾಯ್ದೆಯೊಳಗ ಫಿಟ್ಸ್ ಇದ್ದವರ ಲಗ್ನಕ್ಕ ಅಡ್ಡಿ ಇತ್ತು, 1999ರಾಗ ಅದನ್ನ ತಗದುಹಾಕ್ಯಾರ ಅಂತನೂ ಹೇಳಿದೆ. ಕಾಯ್ದೆ ಕೇಳಿ ಸುಮ್ನಿದ್ದಾಕಿ, ಚೀಟಿ ಮಾತಿಗೆ ನಕ್ಕಳು.

ಆಕಿ ಯಾರ ಮಗಳು ಅಂತ ಮಾತ್ರ ನನ್ನ ಕೇಳಬ್ಯಾಡ್ರಿ. ಮೂರನೇ ಪುಸ್ತಕದ ಕಡೀಕ ಇನ್ನೊಬ್ಬ ಮಾಸ್ತರು ಹುಡುಗ್ರ ಮುಂದ ಬಾಯಿಬಿಟ್ಟಕೂಡ್ಲೆ ಲೂಪಿನ್ ಗಂಟು ಕಟ್ಟಬೇಕಾತು. ಹೇಳೂದು ಬಿಡೂದು ಆ ಹುಡುಗಿಗೆ ಸೇರಿದ್ದು. ನಿಮ್ಮ ಬಳಗದಾಗ ಯಾರಿಗರೆ ಹೊಸದಾಗಿ ಸುರು ಆಗಿದ್ರ ನನ್ನ ನಂಬರ್ ಕೊಡ್ರಿ, ನಾ ಹೋಗಿ ಕೂಡ್ತೀನಿ.