ಲೆಕ್ಕ ಇಳಿದ ಮೇಲೆ

ಹೃದ್ರೋಗಿಯು ಔಷಧವನ್ನು ಬಿಡುವುದು ಬಹುಮಟ್ಟಿಗೆ ಮೈ ಹಗುರವಾದಾಗಲೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ಹಿರಿಯರೊಬ್ಬರ ಸಂಗತಿಯೂ ಹೀಗೆಯೇ ಆಯಿತು. ಎದೆನೋವು ಬಂದು, ಶಿವಮೊಗ್ಗೆಯಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಮರಳಿದರು. ಕೆಲವು ತಿಂಗಳಲ್ಲಿಯೇ ರಕ್ತದ ಎಲ್.ಡಿ.ಎಲ್. ಕೊಲೆಸ್ಟರಾಲು 148ರಿಂದ 66ಕ್ಕೆ ಇಳಿಯಿತು. ಪರೀಕ್ಷೆಯ ಕಾಗದವನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟರು. ಅದರೊಡನೆ ಗುಳಿಗೆಗಳನ್ನೂ ಇಟ್ಟುಬಿಟ್ಟರು.

“ಮಾಂಸ ಮುಟ್ಟಿದವನಲ್ಲ, ತುಪ್ಪವನ್ನೂ ಬಿಟ್ಟೆ, ಇನ್ನು ಕೊಬ್ಬು ಎಲ್ಲಿಂದ ಬಂದೀತು?” ಎಂಬುದು ಅವರ ವಾದ. ಅಕ್ಕಿರೊಟ್ಟಿಗೆ ಬೆಣ್ಣೆ, ಕಡುಬಿಗೆ ತುಪ್ಪವಿಲ್ಲದೆ ಉಪಚಾರವೇ ಇಲ್ಲವೆನ್ನುವ ಸೀಮೆಯಲ್ಲಿ ಇದು ಸಣ್ಣ ತ್ಯಾಗವಲ್ಲ. ಆದರೆ ಕೊಲೆಸ್ಟರಾಲಿನ ಬಹುಭಾಗವನ್ನು ದೇಹವು ತಾನೇ ತಯಾರಿಸಿಕೊಳ್ಳುವುದು. ಅದರಲ್ಲಿ ಯಕೃತ್ತಿನ ಪಾಲು ದೊಡ್ಡದು. ಪಥ್ಯವು ಅವಶ್ಯವೇ ಸರಿ, ನಾಳ ಕೆಟ್ಟವನಿಗೆ ಅದೊಂದೇ ಸಾಲದು.

ಅವರು ಬಿಟ್ಟ ಮದ್ದು ಸ್ಟ್ಯಾಟಿನ್ ಎಂಬ ಜಾತಿಯದು. ಅದರ ಮೂಲವನ್ನು ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿಯು 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಹಿಡಿದನು. ಬೂಷ್ಟು ಕಂಡೊಡನೆ ಉಪ್ಪಿನಕಾಯಿಯ ಭರಣಿಯನ್ನೇ ಚೆಲ್ಲುವ ಗೃಹಿಣಿಯರಿಗೆ ಇದು ವಿನೋದವಾಗಿ ತೋರೀತು! 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯದ ಪರೀಕ್ಷೆಯಲ್ಲಿ 4,444 ಹೃದ್ರೋಗಿಗಳಿದ್ದರು; ಮದ್ದು ಸೇವಿಸಿದವರಲ್ಲಿ ಮರಣವು ಶೇಕಡ 30ರಷ್ಟು ಕಡಿಮೆಯಾಯಿತು. ಈ ಮದ್ದು ಯಕೃತ್ತಿನ ತಯಾರಿಕೆಯನ್ನು ತಗ್ಗಿಸುವುದರಿಂದ, ಕೊರತೆಗೊಂಡ ಯಕೃತ್ತು ರಕ್ತದಲ್ಲಿರುವುದನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಮದ್ದು ನಿಂತರೆ ಈ ಸೆಳೆತವೂ ಕುಗ್ಗಿ, ಕೆಲವೇ ವಾರಗಳಲ್ಲಿ ಲೆಕ್ಕವು ಹಳೆಯ ಮಟ್ಟಕ್ಕೇರುವುದು. 66 ಎಂಬುದು ಗುಳಿಗೆಯ ಸಂಪಾದನೆಯೇ ಹೊರತು ಅವರ ಸ್ವಂತ ಆಸ್ತಿಯಲ್ಲ.

ಮರುಪರೀಕ್ಷೆಯಲ್ಲಿ 141 ಬಂದಿತು. ವೈದ್ಯರು ಗದರಿಸಲಿಲ್ಲ. “ಯಜಮಾನರೇ, ಗೋಡೆ ತಣ್ಣಗಿದೆಯೆಂದು ಊದುಕುಲುಮೆಗೆ ಹರಿಸುವ ನೀರನ್ನು ನೀವು ನಿಲ್ಲಿಸುತ್ತಿದ್ದಿರಾ?” ಎಂದರು. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, ಮೀನಖಂಡಗಳು ನೋಯುತ್ತಿದ್ದುದರಿಂದಲೇ ಬಿಟ್ಟೆನೆಂದು ಕೊನೆಗೆ ಒಪ್ಪಿಕೊಂಡರು. ಮನೆಯವರಿಗೂ ಅವರು ಅದನ್ನು ಹೇಳಿರಲಿಲ್ಲ. ರಕ್ತವನ್ನು ಪರೀಕ್ಷಿಸಿ, ಅದೇ ಜಾತಿಯ ಬೇರೊಂದು ಮದ್ದನ್ನು ಕಡಿಮೆ ಪ್ರಮಾಣದಲ್ಲಿ ಬರೆದು, ಜೊತೆಗೆ ಎಜೆಟಿಮೈಬ್ ಎಂಬ ಇನ್ನೊಂದನ್ನು ಸೇರಿಸಿದರು. ಎಲ್.ಡಿ.ಎಲ್. 70ರ ಕೆಳಗೇ ನಿಲ್ಲಬೇಕು, ಇನ್ನೂ ತಗ್ಗಿದರೆ ಲೇಸು, ಎಂಟು ವಾರಕ್ಕೆ ಮತ್ತೆ ಬನ್ನಿ ಎಂದರು.

ಯುಗಾದಿಯ ಹೋಳಿಗೆಗೆ ತುಪ್ಪ ಹಾಕಬಹುದೇ ಎಂದು ಹೆಂಡತಿ ಕೇಳಿದರು. ವೈದ್ಯರು ಒಂದು ಚಮಚಕ್ಕೆ ಒಪ್ಪಿದರು.