ಎಂಟರ ಜೋಡಿ

ಮೂರೆಲೆ ಆಟದಲ್ಲಿ ಎಂಟರ ಜೋಡಿ ಬಂದರೆ ಮೀಸೆ ತಿರುವುವವರು ನಾವು. ಪೋಕರಿನಲ್ಲಿ ಅದೇ ಜೋಡಿ ಮನುಷ್ಯನನ್ನು ಕೆಡಿಸುತ್ತದೆ. ತಾಂಬರಂನ ನಮ್ಮ ರೂಮಿನಲ್ಲಿ ದುಡ್ಡಿನ ಜಾಗದಲ್ಲಿ ಹುಣಸೆಬೀಜ. ಮಿತಿ ಅಂತ ಇಲ್ಲ; ಮುಂದಿರುವುದನ್ನೆಲ್ಲ ಒಂದೇ ಸಲ ತಳ್ಳಬಹುದು.

ಕೈಯ ಎರಡೆಲೆಯೂ ಜೋಡಿಯಾಗಿ ಬರುವುದು 17ರಲ್ಲಿ ಒಂದು ಸಲ. ನೆಲಕ್ಕೆ ಮೂರೆಲೆ ಬಿಚ್ಚಿದಾಗ ಅದೇ ಅಂಕೆ ಮತ್ತೆ ಬೀಳುವುದು ನೂರಕ್ಕೆ ಸುಮಾರು 12 ಸಲ. ಆದ್ದರಿಂದ ಮೂರು, ನಾಲ್ಕರ ಜೋಡಿಗೆ ಒಂದು ಬೀಜ ಹಾಕುವ ಮುಂಚೆ ಇಬ್ಬರ ಮುಂದೆಯೂ ಹದಿನೈದಿಪ್ಪತ್ತು ಉಳಿದಿರಬೇಕು. ಇಲ್ಲವಾದರೆ ಗೆದ್ದರೂ ಹಿಂದಿನದು ತುಂಬದು. ಸಣ್ಣ ಜೋಡಿ ಬಿಡುವುದು ಸುಲಭ ಬಿಡಿ. ನಡುವಿನದೇ ಕಷ್ಟ. ಎಂಟು ಹಿಡಿದು ಕೂತರೆ ಆ ಮೂರೆಲೆಯಲ್ಲಿ ಒಂಬತ್ತರಿಂದ ಎಕ್ಕದವರೆಗಿನ ಯಾವುದಾದರೊಂದು ನೂರಕ್ಕೆ 87 ಸಲ ಬಂದೇ ಬರುತ್ತದೆ. ಅದು ಯಾರಿಗೆ ಕೂಡಿತೋ ಅವನ ಜೋಡಿ ದೊಡ್ಡದು.

ನನ್ನ ರೂಮ್‌ಮೇಟಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಆದರೂ ರಾಜ, ರಾಣಿ ಎರಡೂ ನೆಲದಲ್ಲಿರುವಾಗ, "ಅವನತ್ರ ಏನೂ ಇಲ್ಲ ಕಣೋ" ಅಂತಾನೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮೊದಲೇ ಎರಡು ಸೆಮಿಸ್ಟರಿನ ಮೆಸ್ ದುಡ್ಡು ಫೋನಿನಲ್ಲಿ ಕಳೆದಿದ್ದ. ಹಾವೇರಿಯಲ್ಲಿರುವ ಅವನ ಅಪ್ಪನಿಗೆ ಇನ್ನೂ ತಿಳಿಯದು. ಪೋಕರು ಕೌಶಲದ ಆಟವೆಂದು ಮದ್ರಾಸ್ ಹೈಕೋರ್ಟೇ 2023ರಲ್ಲಿ ಹೇಳಿದೆ ಅನ್ನುವುದು ಅವನ ವಾದ. ಹೌದಪ್ಪ, ಕೌಶಲವೇ, ಎಲೆ ಕೆಳಗಿಡುವುದೂ ಅದರಲ್ಲಿ ಸೇರಿತಲ್ಲ?

ಮೊನ್ನೆ ರಾತ್ರಿ ಅವನಿಗೆ ಒಂಬತ್ತರ ಜೋಡಿ. ನೆಲದಲ್ಲಿ ಎಕ್ಕ ಬಿತ್ತು. ಎದುರಿನವನು ಬೀಜವನ್ನೆಲ್ಲ ತಳ್ಳಿದ. ಇವನು ಬಹಳ ಹೊತ್ತು ಕೂತು, ಕೊನೆಗೆ ಎಲೆ ಕೆಳಗಿಟ್ಟ. ಎದುರಿನವನು ನಗುತ್ತ ತನ್ನದನ್ನು ಬಿಚ್ಚಿದ: ನಾಲ್ಕರ ಜೋಡಿ. ಬೆಳಗಿನವರೆಗೂ ನಮ್ಮ ಹುಡುಗ ಯಾರ ಹತ್ತಿರವೂ ಮಾತಾಡಲಿಲ್ಲ.